ಮನೆಗೆ ಹೊಸ ಕಂಪ್ಯೂಟರ್: ಮುಂದೆ ಬದಲಿಸಲು ಬಾರದ ಭಾಗಕ್ಕೆ ಮೊದಲು ದುಡ್ಡು ಹಾಕಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸುರಕ್ಷತಾ ಅಪ್‌ಡೇಟ್‌ಗಳು ನಿಂತವು. ಆವಾಗಿನಿಂದ ಬಾಗಲಕೋಟೆಯ ನವನಗರದಲ್ಲಾಗಲಿ, ವಿದ್ಯಾಗಿರಿಯಲ್ಲಾಗಲಿ ಪರಿಚಯದವರು ಎದುರಾದರೆ ಕೇಳುವುದು ಒಂದೇ ಮಾತು: "ನಮ್ಮ ಕಂಪ್ಯೂಟರ್ ಹಳೇದಾಗೇತ್ರಿ, ಹೊಸಾದು ಯಾವ್ದು ತಗೋಬೇಕ್ರಿ?" ಕೇಳುವವರಲ್ಲಿ ಇಳಕಲ್ ಸೀರೆ ವ್ಯಾಪಾರದ ಲೆಕ್ಕ ಬರೆಯುವವರಿದ್ದಾರೆ, ಮಗಳನ್ನು ಇಂಜಿನಿಯರಿಂಗ್‌ಗೆ ಸೇರಿಸಿದವರಿದ್ದಾರೆ, ನಿವೃತ್ತ ಮಾಸ್ತರರಿದ್ದಾರೆ, ಮನೆಯಲ್ಲೇ ಕೂತು ಲಗ್ನಪತ್ರಿಕೆ ಡಿಟಿಪಿ ಮಾಡುವ ಅಕ್ಕಂದಿರಿದ್ದಾರೆ. ಇವರೆಲ್ಲರಿಗೂ ಒಂದೇ ಮಾಡೆಲ್ ಹೇಳಲು ಬರುವುದಿಲ್ಲ. ಆದರೆ ಎಲ್ಲರಿಗೂ ಹೊಂದುವ ಕ್ರಮವೊಂದಿದೆ: ಕೊಂಡ ಮೇಲೆ ಬದಲಿಸಲು ಬಾರದ್ದನ್ನು ಮೊದಲು ಆರಿಸಿ, ಬದಲಿಸಲು ಬರುವುದನ್ನು ಕೊನೆಗೆ ಆರಿಸಿ. ಅಂಗಡಿಯಲ್ಲಿ ಮಾತು ನಡೆಯುವುದು ಇದಕ್ಕೆ ತಿರುವುಮುರುವಾಗಿ. "ಒಂದು ಟಿಬಿ ಐತ್ರಿ, ಐ7 ಐತ್ರಿ" ಎಂಬಲ್ಲಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಪರದೆ ಎಂಥದ್ದು, ಪ್ರೊಸೆಸರ್ (ಸಿಪಿಯು, ಅಂದರೆ ಯಂತ್ರದ ಮಿದುಳು) ಯಾವ ತಲೆಮಾರಿನದು, ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಬೋರ್ಡಿಗೇ ಬೆಸೆದದ್ದೋ ತೆಗೆದು ಹಾಕಲು ಬರುವಂಥದ್ದೋ ಎಂಬುದು ಬಾಯಿಗೇ ಬರುವುದಿಲ್ಲ.

ಮೊದಲು ಹಳೆಯದರ ನಾಡಿ ನೋಡಿ

"ಸ್ಲೋ ಆಗೇತಿ" ಎಂಬುದಕ್ಕೆ ಕಾರಣ ತಿಳಿಯದೆ ಹೊಸದಕ್ಕೆ ಕೈ ಹಾಕಬೇಡಿ. ಕಂಪ್ಯೂಟರ್ ತೆವಳುತ್ತಿರುವ ಹೊತ್ತಿನಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಾಲಂಗಳಿವೆ. ಯಾವುದು ನೂರರ ಹತ್ತಿರ ನಿಂತಿದೆ ನೋಡಿ. ರೋಗ ಅಲ್ಲಿದೆ.

ವಿದ್ಯಾಗಿರಿಯ ಮಾಸ್ತರರೊಬ್ಬರ ಮನೆಯಲ್ಲಿ ಹೀಗೆ ನೋಡಿದಾಗ ಸಿಪಿಯು ಸುಮ್ಮನೆ ಕೂತಿತ್ತು, ಮೆಮೊರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು, ಡಿಸ್ಕ್ ಮಾತ್ರ ಕೆಂಪಾಗಿ ನೂರರಲ್ಲೇ ನಿಂತಿತ್ತು. ಕ್ಯಾಬಿನೆಟ್ಟಿಗೆ ಕಿವಿ ಕೊಟ್ಟರೆ ಹಾರ್ಡ್ ಡಿಸ್ಕ್ ಕರಕರ ಅನ್ನುವುದು ಕೇಳುತ್ತಿತ್ತು. ಪಕ್ಕದ ತಗಡು ಬಿಚ್ಚಿದರೆ ಪ್ರೊಸೆಸರ್ ಮೇಲಿನ ಫ್ಯಾನ್ ಕೆಳಗೆ, ಅಲ್ಯೂಮಿನಿಯಂ ಪಟ್ಟಿಗಳ ನಡುವೆ, ಕಂಬಳಿಯ ಹಾಗೆ ಒತ್ತಾದ ಧೂಳು. ಒಣ ಬ್ರಶ್‌ನಿಂದ ಅದನ್ನು ಬಿಡಿಸಿ, ಪ್ರೊಸೆಸರ್ ಬಿಸಿ ಇಳಿಸುವ ಥರ್ಮಲ್ ಪೇಸ್ಟ್ ಹೊಸದು ಹಚ್ಚಿ, ಹಾರ್ಡ್ ಡಿಸ್ಕ್ ಜಾಗಕ್ಕೆ, ಚಿಪ್‌ನಲ್ಲಿ ಫೈಲ್ ಇಡುವ, ಹಳೆಯ ಬೋರ್ಡಿಗೂ ಹೊಂದುವ ಸಾಟಾ ಎಸ್‌ಎಸ್‌ಡಿ ಹಾಕಿದ ಮೇಲೆ ಅದೇ ಯಂತ್ರ ಅರ್ಧ ನಿಮಿಷದೊಳಗೆ ತೆರೆದುಕೊಳ್ಳತೊಡಗಿತು. ಮಾಸ್ತರರ ಕೆಲಸ ಪಿಂಚಣಿ ಕಾಗದ, ಇಮೇಲ್, ಪ್ರವಚನದ ವಿಡಿಯೊ ಇಷ್ಟೇ. ಹೊಸ ಕಂಪ್ಯೂಟರಿನ ದುಡ್ಡು ಉಳಿಯಿತು.

ಎಸ್‌ಎಸ್‌ಡಿಗೆ ಇಷ್ಟು ಬಲ ಯಾಕೆಂದರೆ, ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು. ದೊಡ್ಡ ಸಿನಿಮಾ ಫೈಲನ್ನು ಅದು ಸೆಕೆಂಡಿಗೆ 100ರಿಂದ 150 ಎಂಬಿ ವೇಗದಲ್ಲಿ ಓದಬಲ್ಲದು, ಆದರೆ ವಿಂಡೋಸ್ ತೆರೆಯುವಾಗ ಓದಬೇಕಾದದ್ದು ಸಾವಿರಾರು ಚಿಕ್ಕ ಫೈಲ್‌. ಅಲ್ಲಿ ಅದರ ವೇಗ ಪಾತಾಳಕ್ಕಿಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಹುಡುಕುವ ಹೊತ್ತೇ ಬೇಕಾಗುವುದಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 500 ಎಂಬಿ, ಹೊಸ ಬೋರ್ಡುಗಳ ಮೇಲೆ ನೇರ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿ 3,500 ಅಥವಾ ಅದಕ್ಕೂ ಹೆಚ್ಚು. ಹಾಗಂತ ಹಳೆಯ ಯಂತ್ರಕ್ಕೆ ಎನ್‌ವಿಎಂಇ ಹಾಕಲು ಬರುವುದಿಲ್ಲವೆಂದು ಕೊರಗಬೇಕಿಲ್ಲ. ದಿನದ ಕೆಲಸದಲ್ಲಿ ಹಾರ್ಡ್ ಡಿಸ್ಕ್‌ನಿಂದ ಸಾಟಾಕ್ಕೆ ಬಂದಾಗ ಆಗುವ ಬದಲಾವಣೆ ಎದ್ದು ಕಾಣುತ್ತದೆ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಅಷ್ಟು ಕಾಣುವುದಿಲ್ಲ.

ಮೆಮೊರಿ ನೂರಕ್ಕೆ ಹತ್ತಿರವಿದ್ದರೆ ರ‍್ಯಾಮ್ ಸೇರಿಸಿ ನೋಡಿ. ಸುಮ್ಮನೆ ಒಂದು ವೆಬ್‌ಪುಟ ತೆರೆದರೂ ಸಿಪಿಯು ನೂರಕ್ಕೆ ಹೋಗಿ ಅಲ್ಲೇ ಕೂತಿದ್ದರೆ, ಮೊದಲು ವೈರಸ್ ತಪಾಸಣೆ ಮಾಡಿ. ಅದರಲ್ಲಿ ಏನೂ ಸಿಗದಿದ್ದರೆ ಆ ಯಂತ್ರದ ಆಯುಷ್ಯ ಮುಗಿದಿದೆ ಎಂದೇ ತಿಳಿಯಿರಿ.

ಇನ್ನು ವಿಂಡೋಸ್ 11. ಅದಕ್ಕೆ ಸಾಮಾನ್ಯವಾಗಿ ಪ್ರೊಸೆಸರ್ ಇಂಟೆಲ್‌ನ 8ನೇ ತಲೆಮಾರು ಅಥವಾ ಮುಂದಿನದು, ಎಎಂಡಿಯಾದರೆ ರೈಜನ್ 2000 ಸರಣಿ ಅಥವಾ ಮುಂದಿನದು ಬೇಕು. ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಬೇಕು. ಐ5-7400 ಎಂದಿದ್ದರೆ 7ನೇ ತಲೆಮಾರು, ಅದು ಪಟ್ಟಿಯಲ್ಲಿಲ್ಲ. ಐ5-8400 ಎಂದಿದ್ದರೆ ನಡೆಯುತ್ತದೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಪುಕ್ಕಟೆ ಆ್ಯಪ್ ಇದನ್ನು ನೋಡಿ ಹೇಳುತ್ತದೆ. 8ನೇ ತಲೆಮಾರಿನ ಯಂತ್ರವೂ "ಆಗುವುದಿಲ್ಲ" ಎಂದು ತೋರಿಸಿದರೆ ಗಾಬರಿಯಾಗಬೇಡಿ. ಬಹಳ ಸಲ ಟಿಪಿಎಂ, ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್ಸ್ ಆದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಎಂಬ ಹೆಸರಿರುತ್ತದೆ, ಆನ್ ಮಾಡಿದರೆ ಸಾಕು. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಬ್ಯಾಂಕ್ ವ್ಯವಹಾರ ಮಾಡುವ ಮನೆಯ ಯಂತ್ರಕ್ಕೆ ಅದು ಬೇಡ, ಮುಂದೆ ಅಪ್‌ಡೇಟ್ ಬರುತ್ತದೆಂಬ ಭರವಸೆ ಇರುವುದಿಲ್ಲ.

ತೀರ್ಮಾನಕ್ಕೆ ಸಮಯ ಬೇಕೆಂದರೆ ವಿಂಡೋಸ್ 10ರ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಳ್ಳಬಹುದು. ವಿಸ್ತರಿತ ಸುರಕ್ಷತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಇಲ್ಲವೇ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿಸಿ. ಬ್ರೌಸರ್, ಇಮೇಲ್, ವಿಡಿಯೊ, ಲಿಬ್ರೆಆಫೀಸ್ ಇಷ್ಟೇ ಸಾಕೆನ್ನುವ ಮನೆಗೆ ಅದು ಧಾರಾಳವಾಯಿತು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೈ ಕೂತವರು ಹೆದರಬೇಕಿಲ್ಲ, ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ.

ಮನೆಯಲ್ಲಿ ಯಾರು ಏನು ಮಾಡುತ್ತಾರೆ, ಬರೆದಿಡಿ

ಹೊಸದೇ ಬೇಕೆಂದು ಖಾತ್ರಿಯಾದ ಮೇಲೆ ಒಂದು ಚೀಟಿಯಲ್ಲಿ ಸಾಫ್ಟ್‌ವೇರ್‌ಗಳ ಹೆಸರು ಬರೆಯಿರಿ. "ಆಫೀಸ್ ಕೆಲಸ, ಓದು" ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಟ್ಯಾಲಿ, ಕೋರಲ್‌ಡ್ರಾ, ಆಟೊಕ್ಯಾಡ್ ಎಂದು ಹೆಸರು ಹಿಡಿದು ಬರೆಯಿರಿ.

ಟ್ಯಾಲಿ ಹಗುರ, ಆದರೆ ಅದು ವಿಂಡೋಸ್‌ಗೆ ಮಾಡಿದ್ದು. ಅಂಗಡಿಯ ಲೆಕ್ಕಕ್ಕಾಗಿ ಕೊಳ್ಳುವವರು ದುಬಾರಿ ಪ್ರೊಸೆಸರ್ ತೆಗೆದುಕೊಳ್ಳಬೇಕಿಲ್ಲ, ಎಸ್‌ಎಸ್‌ಡಿಯೂ ಯುಪಿಎಸ್ಸೂ ಮುಖ್ಯ. ಜಿಎಸ್‌ಟಿ ಅಥವಾ ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಅದರ ಡ್ರೈವರ್ ಹೊಸ ಯಂತ್ರದಲ್ಲಿ ನಡೆಯುತ್ತದೆಯೇ ಎಂದು ಮುಂಚೆಯೇ ಕೇಳಿ. ಹಳೆಯ ಪ್ರಿಂಟರಿಗೂ ಇದೇ ಮಾತು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, 32 ಬಿಟ್ ಡ್ರೈವರ್ ಮಾತ್ರ ಇರುವ ಪ್ರಿಂಟರ್ ಅಲ್ಲಿ ಕೆಲಸ ಮಾಡುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ಲ್ಯಾಪ್‌ಟಾಪ್‌ಗಳು ಈಗ ಅಂಗಡಿಯಲ್ಲಿವೆ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಆದರೆ ಅವುಗಳಿಗೆ ಬೇಕಾದ ಡ್ರೈವರ್‌ಗಳೇ ಬೇರೆ. ಹಳೆಯ ಪ್ರಿಂಟರ್, ಟೋಕನ್ ನೆಚ್ಚಿಕೊಂಡ ಮನೆಗೆ ಅದನ್ನು ನಾನು ಹೇಳುವುದಿಲ್ಲ.

ಡಿಟಿಪಿ ಮಾಡುವವರಿಗೆ ಪರದೆ ಮತ್ತು ರ‍್ಯಾಮ್ ಮುಖ್ಯ. ಅವರಲ್ಲಿ ಹಳೆಯ ನುಡಿ, ಬರಹ ಫಾಂಟಿನ ಕಡತಗಳು ರಾಶಿಗಟ್ಟಲೆ ಇರುತ್ತವೆ. ಅವು ಯೂನಿಕೋಡ್ ಅಲ್ಲದ ಕಾಲದವು. ಅದೇ ಫಾಂಟ್ ಹೊಸ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಹಳೆಯ ಯಂತ್ರದ ಫಾಂಟ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದನ್ನು ಮರೆಯಬೇಡಿ.

ಇಂಜಿನಿಯರಿಂಗ್ ಮಕ್ಕಳ ತಂದೆ ತಾಯಿಗೆ ಒಂದು ಮಾತು. ಬೆಳಗಾವಿಯ ವಿಟಿಯು ಅಡಿಯ ಕಾಲೇಜಾಗಲಿ, ಬೇರೆಯದಾಗಲಿ, ಶಾಖೆ ಯಾವುದೆಂಬುದರ ಮೇಲೆ ಯಂತ್ರ ನಿಲ್ಲುತ್ತದೆ. ಸಿವಿಲ್, ಮೆಕ್ಯಾನಿಕಲ್‌ಗೆ ರೆವಿಟ್, ಸಾಲಿಡ್‌ವರ್ಕ್ಸ್‌ನಂಥವು ವಿಂಡೋಸ್‌ನಲ್ಲೇ ನಡೆಯುವಂಥವು. ಆ ಮಕ್ಕಳಿಗೆ ಮ್ಯಾಕ್ ಕೊಡಿಸಿದರೆ ಲ್ಯಾಬ್‌ನಲ್ಲೇ ಕೂರಬೇಕಾಗುತ್ತದೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಮ್ಯಾಕ್ ನಡೆದೀತು. ಆಂಡ್ರಾಯ್ಡ್ ಸ್ಟುಡಿಯೊದಂಥದ್ದಕ್ಕೆ 16 ಜಿಬಿ ರ‍್ಯಾಮ್ ಇರಲೇಬೇಕು. ಸೀನಿಯರ್‌ಗಳನ್ನು ಕೇಳಿ ಮೂರನೇ, ನಾಲ್ಕನೇ ಸೆಮಿಸ್ಟರಿಗೆ ಏನು ಬೇಕಾಗುತ್ತದೆಂದು ತಿಳಿದುಕೊಂಡು ಕೊಡಿಸಿ. ಮೊದಲ ವರ್ಷದ ಪಠ್ಯ ನೋಡಿ ಕೊಡಿಸಿದ ಲ್ಯಾಪ್‌ಟಾಪ್ ಮೂರನೇ ವರ್ಷಕ್ಕೆ ಸಾಲದೆ ಹೋಗುತ್ತದೆ.

ಗೇಮ್ ಆಡುವವರಿಗೂ ವಿಡಿಯೊ ಎಡಿಟ್ ಮಾಡುವವರಿಗೂ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಉಳಿದವರಿಗೆ ಬೇಡ.

ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ

ಹಾಸ್ಟೆಲ್‌ಗೆ ಹೋಗುವವರಿಗೆ ಲ್ಯಾಪ್‌ಟಾಪ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಬಿಟ್ಟು ಕದಲದ ಯಂತ್ರಕ್ಕೆ ಡೆಸ್ಕ್‌ಟಾಪೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದೇ ದುಡ್ಡಿಗೆ ಹೆಚ್ಚು ಬಲ, ದೊಡ್ಡ ಪರದೆ, ಕತ್ತಿಗೆ ನೋವಾಗದ ಎತ್ತರ. ಅದಕ್ಕಿಂತ ಮುಖ್ಯವಾಗಿ, ಒಂದು ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಊರಿನಲ್ಲೇ ಬದಲಿಸಬಹುದು. ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋದರೆ ಬಿಡಿಭಾಗಕ್ಕಾಗಿ ಕಾಯಬೇಕು, ವಾರಂಟಿ ಮುಗಿದಿದ್ದರೆ ಆ ಬೋರ್ಡಿನ ಬೆಲೆ ಕೇಳಿದವರು ಹೊಸ ಲ್ಯಾಪ್‌ಟಾಪನ್ನೇ ನೋಡಲು ಹೊರಡುತ್ತಾರೆ.

ಆಲ್‌-ಇನ್‌-ಒನ್ ನೋಡಲು ಚಂದ, ಮೇಜಿನ ಮೇಲೆ ಒಂದೇ ವೈರ್. ಆದರೆ ಒಳಗಿರುವುದು ಬಹಳ ಸಲ ಲ್ಯಾಪ್‌ಟಾಪಿನ ಭಾಗಗಳೇ, ಪರದೆ ಹೋದರೆ ಕಂಪ್ಯೂಟರೇ ಹೋದಂತೆ. ಎರಡರ ತೊಂದರೆಯೂ ಒಂದರಲ್ಲೇ ಬಂದಿರುತ್ತದೆ. ಜಾಗ ಕಡಿಮೆ ಇದ್ದರೆ ಮಿನಿ ಪಿಸಿ ನೋಡಿ. ಪುಟ್ಟ ಡಬ್ಬಿ, ಮಾನಿಟರ್ ಬೇರೆ, ಹೆಚ್ಚಿನವುಗಳಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಬದಲಿಸಲು ಬರುತ್ತದೆ.

ಪ್ರೊಸೆಸರ್ ಹೆಸರು ಓದುವುದು

ನಾಲ್ಕು ಹೆಜ್ಜೆ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ಐ3, ಐ5, ಐ7 ಎಂಬುದು ಒಂದೇ ತಲೆಮಾರಿನೊಳಗಿನ ಮೆಟ್ಟಿಲುಗಳು ಮಾತ್ರ. ಬೇರೆ ಬೇರೆ ತಲೆಮಾರುಗಳನ್ನು ಅವುಗಳಿಂದ ಅಳೆಯಲು ಬರುವುದಿಲ್ಲ. 2012ರ ಐ7-3770ರಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ಸಾಗುವ ಕೆಲಸ). 2022ರ ಐ3-12100ರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಆದರೆ ಐ3ರ ಒಂದೊಂದು ಕೋರೂ ಆ ಹಳೆಯ ಐ7ರ ಕೋರಿಗಿಂತ ಎಷ್ಟೋ ಚುರುಕು. "ಐ7 ಸೆಕೆಂಡ್ ಹ್ಯಾಂಡ್, ಅಗ್ಗ" ಎಂಬ ಮಾತಿಗೆ ಮರುಳಾಗುವ ಮುನ್ನ ಅಡ್ಡಗೆರೆಯ ಮುಂದಿನ ಅಂಕಿ ಓದಿ. ನಾಲ್ಕಂಕಿ ಇದ್ದರೆ ಸಾಮಾನ್ಯವಾಗಿ ಮೊದಲ ಅಂಕಿ ತಲೆಮಾರು, ಐದಂಕಿ ಇದ್ದರೆ ಮೊದಲ ಎರಡು. ಲ್ಯಾಪ್‌ಟಾಪಿನ ಐ5-1235ಯು ಎಂಬುದರಲ್ಲಿ ನಾಲ್ಕೇ ಅಂಕಿ ಇದ್ದರೂ ಅದು 12ನೇ ತಲೆಮಾರು. ನಾಲ್ಕಂಕಿ 1ರಿಂದ ಶುರುವಾಗಿದ್ದರೆ ಮೊದಲ ಎರಡಂಕಿಯನ್ನು ತಲೆಮಾರು ಎಂದು ಓದಿ.

ಕೊನೆಯ ಅಕ್ಷರವೂ ಮಾತಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಯು ಎಂದರೆ ಕಡಿಮೆ ವಿದ್ಯುತ್, ಎಚ್ ಎಂದರೆ ಹೆಚ್ಚು ಬಲ, ಹೆಚ್ಚು ಬಿಸಿ. ಡೆಸ್ಕ್‌ಟಾಪಿನಲ್ಲಿ ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಐ5-12400ಎಫ್ ಸ್ವಲ್ಪ ಅಗ್ಗವೆಂದು ತಂದರೆ ಬೇರೆ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಬರುವುದಿಲ್ಲ. ರೈಜನ್ 5 5600ಕ್ಕೂ ಹೀಗೆಯೇ, 5600ಜಿ ಆದರೆ ಗ್ರಾಫಿಕ್ಸ್ ಇದೆ.

ರೈಜನ್ ಲ್ಯಾಪ್‌ಟಾಪುಗಳ 7000 ಸರಣಿಯಲ್ಲಿ ಮೂರನೇ ಅಂಕಿಯ ಮೇಲೆ ಕಣ್ಣಿಡಿ. 7520ಯು ಎಂಬುದು ಹೆಸರಿಗೆ 7000, ಒಳಗಿರುವುದು ಹಳೆಯ ಜೆನ್ 2 ವಿನ್ಯಾಸ. 7530ಯು ಜೆನ್ 3, 7540ಯು ಜೆನ್ 4. ಇಪ್ಪತ್ತರ ಅಂತರದ ಹೆಸರು, ಒಳಗೆ ಎರಡು ತಲೆಮಾರಿನ ಅಂತರ. ಇಂಟೆಲ್ ಹೊಸದಾಗಿ ಕೋರ್ ಅಲ್ಟ್ರಾ ಎಂಬ ಹೆಸರಿಟ್ಟಿದೆ. ಅಲ್ಲಿ ಹಳೆಯ ಐ ಅಕ್ಷರವೇ ಇಲ್ಲ.

ಸೆಲೆರಾನ್ ಎನ್4500ರಂಥ ಎರಡೇ ಕೋರಿನವು, ಅದರೊಡನೆ 64 ಜಿಬಿ ಇಎಂಎಂಸಿ (ಬೋರ್ಡಿಗೇ ಬೆಸೆದ, ನಿಧಾನದ) ಸಂಗ್ರಹ ಇರುವ ಲ್ಯಾಪ್‌ಟಾಪುಗಳನ್ನು ಮಕ್ಕಳ ಓದಿಗೆಂದು ಮಾರುತ್ತಾರೆ. ದಯವಿಟ್ಟು ಕೊಡಿಸಬೇಡಿ. ವಿಂಡೋಸ್ ಅಪ್‌ಡೇಟ್‌ಗೇ ಅದರಲ್ಲಿ ಜಾಗ ಸಾಲುವುದಿಲ್ಲ, ಹೆಚ್ಚಿಸಲೂ ಬರುವುದಿಲ್ಲ. ಮಗು ಕಂಪ್ಯೂಟರನ್ನೇ ದ್ವೇಷಿಸತೊಡಗುತ್ತದೆ. ಅದೇ ದುಡ್ಡಿಗೆ ಒಳ್ಳೆಯ ಹಳೆಯ ಡೆಸ್ಕ್‌ಟಾಪ್ ಸಿಗುತ್ತದೆ.

"ಎಐ ಪಿಸಿ", "ಕೋಪೈಲಟ್ ಪ್ಲಸ್" ಎಂಬ ಸ್ಟಿಕ್ಕರಿಗೆ ಹೆಚ್ಚು ದುಡ್ಡು ಕೊಡಬೇಡಿ. ಚಾಟ್‌ಜಿಪಿಟಿಯಂಥವು ಬ್ರೌಸರಿನಲ್ಲೇ ನಡೆಯುತ್ತವೆ, ಲೆಕ್ಕಾಚಾರವೆಲ್ಲ ಅವರ ಸರ್ವರ್‌ನಲ್ಲಿ.

ರ‍್ಯಾಮ್, ಸಂಗ್ರಹ, ಪರದೆ

ಇಂದು ಹೊಸದಾಗಿ ಕೊಳ್ಳುವುದಾದರೆ 16 ಜಿಬಿ ಗುರಿ ಇರಲಿ. ಆದರೆ 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಕೈ ಬಿಗಿಯಿದ್ದರೆ ಈಗ 8 ಜಿಬಿ ಹಾಕಿಸಿ, ಎರಡನೇ ಸ್ಲಾಟ್ ಖಾಲಿ ಬಿಡಿ. ಇಲ್ಲೇ ಮೊದಲ ಮಾತು ಕೆಲಸಕ್ಕೆ ಬರುವುದು: ಸ್ಲಾಟ್ ಇದ್ದರೆ ನಾಳೆ ಹಾಕಬಹುದು, ಬೆಸೆದದ್ದಾದರೆ ಇಂದೇ 16 ಬೇಕು. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಬೆಸೆದದ್ದೇ ಹೆಚ್ಚು. ಅಂಗಡಿಯವರಿಗೆ "ಸ್ಲಾಟ್ ಎಷ್ಟ ಅದಾವ್ರಿ, ಒಂದರ ಖಾಲಿ ಐತಿ?" ಎಂದೇ ಕೇಳಿ. ಹಳೆಯ ಯಂತ್ರದ ಡಿಡಿಆರ್4 ರ‍್ಯಾಮನ್ನು ಡಿಡಿಆರ್5 ಬೋರ್ಡಿಗೆ ಹಾಕಲು ಬರುವುದಿಲ್ಲ, ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಆದರೆ ಇಂಟೆಲ್ 12ರಿಂದ 14ನೇ ತಲೆಮಾರಿಗೆ ಡಿಡಿಆರ್4 ಬೋರ್ಡುಗಳೂ ಇವೆ. ಹಳೆಯ ಡಿಡಿಆರ್4 ಒಳ್ಳೆಯದಿದ್ದರೆ ಅಂಥ ಬೋರ್ಡ್ ತಗೊಂಡು ಅದನ್ನೇ ಬಳಸಿಕೊಳ್ಳಿ, ಈ ಬೆಲೆಯಲ್ಲಿ ಅದು ದೊಡ್ಡ ಉಳಿತಾಯ. ಹತ್ತು ವರ್ಷ ಬಾಳಬೇಕು, ನಡುವೆ ಪ್ರೊಸೆಸರ್ ಮಾತ್ರ ಬದಲಿಸಬೇಕು ಎನ್ನುವವರು ಎಎಂಡಿಯ ಎಎಂ5 ಬೋರ್ಡ್ ನೋಡಬಹುದು. ಅದಕ್ಕೆ ಡಿಡಿಆರ್5 ಬೇಕು.

ಸಂಗ್ರಹಕ್ಕೆ 512 ಜಿಬಿ ಎನ್‌ವಿಎಂಇ ಸಾಕು. ಫೋಟೊ, ಮದುವೆ ವಿಡಿಯೊಗಳಿಗೆ ಹಳೆಯ ಹಾರ್ಡ್ ಡಿಸ್ಕನ್ನೇ ಹೊಸ ಡೆಸ್ಕ್‌ಟಾಪಿಗೆ ಎರಡನೆಯದಾಗಿ ಜೋಡಿಸಬಹುದು.

ಲ್ಯಾಪ್‌ಟಾಪ್ ಕೊಳ್ಳುವವರು ಪರದೆಯನ್ನು ಎಂದೂ ಕಾಗದದ ಮೇಲೆ ಓದಿ ಬಿಡಬಾರದು. ಅಂಗಡಿಯಲ್ಲಿ ತೆರೆದು ಕುಳಿತು, ಪಕ್ಕದಿಂದ, ಮೇಲಿನಿಂದ ನೋಡಿ. ಬಣ್ಣ ತಿರುಗಿ ಕಪ್ಪಾಗಿ ಕಂಡರೆ ಅದು ಐಪಿಎಸ್ (ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡದ) ಪರದೆಯಲ್ಲ. ವಿವರದಲ್ಲಿ 250 ನಿಟ್ಸ್ ಎಂದಿದ್ದರೆ ಬೆಳಕು ಕಡಿಮೆ, 45 ಪರ್ಸೆಂಟ್ ಎನ್‌ಟಿಎಸ್‌ಸಿ ಎಂದಿದ್ದರೆ ಬಣ್ಣ ಪೇಲವ. ಲೆಕ್ಕಪತ್ರಕ್ಕೆ ನಡೆದೀತು, ಲಗ್ನಪತ್ರಿಕೆಯ ಕುಂಕುಮದ ಬಣ್ಣ ಅಚ್ಚಿನಲ್ಲಿ ಬೇರೆಯೇ ಬರುತ್ತದೆ. ಅಂಥ ಕೆಲಸಕ್ಕೆ 100 ಪರ್ಸೆಂಟ್ ಎಸ್‌ಆರ್‌ಜಿಬಿ ಇರುವುದನ್ನು ಕೇಳಿ. ಡೆಸ್ಕ್‌ಟಾಪಿಗೆ 22ರಿಂದ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಮಾನಿಟರ್ ಸಾಕು. ಹಳೆಯ ಮಾನಿಟರ್ ಚೆನ್ನಾಗಿದ್ದರೆ ಅದೇ ಇರಲಿ, ಹೊಸ ಬೋರ್ಡಿನಲ್ಲಿ ವಿಜಿಎ ಕಿಂಡಿ ಇದೆಯೇ ಎಂದಷ್ಟೇ ನೋಡಿ.

ಕರೆಂಟ್, ಬಿಸಿಲು, ಧೂಳು

ಬೆಂಗಳೂರಿನ ಸಲಹೆಗಳಲ್ಲಿ ಇದು ಒಂದು ಸಾಲು, ನಮ್ಮ ಕಡೆ ಇದೇ ಅರ್ಧ ವಿಷಯ. ಬೇಸಿಗೆಯಲ್ಲಿ ಬಾಗಲಕೋಟೆ, ವಿಜಯಪುರದಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕ್ಯಾಬಿನೆಟ್ಟನ್ನು ಮೇಜಿನ ಮುಚ್ಚಿದ ಖಾನೆಯೊಳಗೆ ಇಟ್ಟರೆ ಅದು ತನ್ನದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಒಳಗೆಳೆಯುತ್ತದೆ. ಹಿಂಭಾಗಕ್ಕೆ ಒಂದು ಗೇಣು ಜಾಗ ಬಿಡಿ, ನೆಲದಿಂದ ಸ್ವಲ್ಪ ಎತ್ತರದಲ್ಲಿಡಿ, ಮುಂದೂ ಹಿಂದೂ ಫ್ಯಾನ್ ಇರುವ ಕ್ಯಾಬಿನೆಟ್ ಕೇಳಿ. ಲ್ಯಾಪ್‌ಟಾಪನ್ನು ಹಾಸಿಗೆ, ಕೌದಿ ಮೇಲಿಟ್ಟು ಓಡಿಸಬೇಡಿ, ಗಾಳಿ ಕಿಂಡಿ ಇರುವುದು ಹೊಟ್ಟೆಯ ಕೆಳಗೆ.

ಅಸೆಂಬಲ್ಡ್ ಯಂತ್ರದ ಕೊಟೇಶನ್‌ನಲ್ಲಿ ಕೊನೆಗೆ "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಎಂದು ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಅಲ್ಲಿ ನಿಲ್ಲಿಸಿ. ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿಯೇ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಅಂಟಿಸಿದ್ದರೂ ಅಷ್ಟು ಕೊಡುವ ಭರವಸೆಯಿಲ್ಲ. ಅದು ಸುಟ್ಟರೆ ಒಂದೇ ಸುಡುವುದಿಲ್ಲ, ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಹೆಸರಿರುವ ಕಂಪನಿಯ, 80 ಪ್ಲಸ್ ಗುರುತಿನ ಎಸ್‌ಎಂಪಿಎಸ್ ಬೇರೆಯಾಗಿ ಬರೆಸಿ.

ಯುಪಿಎಸ್ ಇರಲೇಬೇಕು. 600 ವಿಎ ಎಂದು ಮಾರುವುದು ಸುಮಾರು 360 ವ್ಯಾಟ್ ಹೊರುವಂಥದ್ದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಡೆಸ್ಕ್‌ಟಾಪ್, ಮಾನಿಟರ್ ಸೇರಿ ನೂರು ವ್ಯಾಟ್ ಆಜುಬಾಜು ತಿನ್ನುತ್ತದೆ. ಟ್ಯಾಲಿ ಮುಚ್ಚಿ, ಯಂತ್ರವನ್ನು ಸರಿಯಾಗಿ ಬಂದ್ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬೇಡಿ, ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟ್ ಸಣ್ಣ ಯುಪಿಎಸ್ ತಾಳುವುದಿಲ್ಲ. ಮನೆಯ ಇನ್ವರ್ಟರ್ ಮೇಲೆ ನಡೆಸುವುದಾದರೆ ಅದು ಪ್ಯೂರ್ ಸೈನ್ ವೇವ್ ಆಗಿರಲಿ, ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ಬಂದ್ ಆಗಿ ಮತ್ತೆ ಶುರುವಾಗುತ್ತದೆ.

ಇದಕ್ಕೆಲ್ಲ ಮುಂಚೆ ಅರ್ಥಿಂಗ್. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಮನೆಯ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಇಳಿಸಿಕೊಳ್ಳುತ್ತದೆ. ಚೈತ್ರ, ವೈಶಾಖದಲ್ಲಿ ಅದೇ ಮಣ್ಣು ಒಣಗಿ ಬಿರುಕು ಬಿಟ್ಟು ರಾಡ್‌ಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಿ. ಹೊಸ ಯಂತ್ರ ಮನೆಗೆ ಬರುವ ಮುನ್ನ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಪರೀಕ್ಷೆ ಮಾಡಿಸಿ.

ಎಲ್ಲಿ ಕೊಳ್ಳುವುದು

ಮೂರು ಕಡೆ ಕೊಟೇಶನ್ ತಗೊಳ್ಳಿ: ಊರಿನ ಅಂಗಡಿ, ಹುಬ್ಬಳ್ಳಿ ಅಥವಾ ಬೆಳಗಾವಿಯ ಒಂದು ಅಂಗಡಿ, ಆನ್‌ಲೈನ್. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬಿಡಿಭಾಗ ಅಗ್ಗವಿರಬಹುದು, ಆದರೆ ಕೆಟ್ಟಾಗ ಅಲ್ಲಿಗೇ ಒಯ್ಯಬೇಕು. ಡೆಸ್ಕ್‌ಟಾಪ್ ಆದರೆ ಸ್ವಲ್ಪ ಹೆಚ್ಚು ಕೊಟ್ಟರೂ ಊರಿನಲ್ಲೇ ಕೊಳ್ಳಿ ಎನ್ನುತ್ತೇನೆ. ಸಂಜೆ ಫೋನ್ ಮಾಡಿದರೆ ಬೆಳಿಗ್ಗೆ ಮನೆಗೆ ಬರುವ ಹುಡುಗನಿಗೂ ಒಂದು ಬೆಲೆಯಿದೆ. ಲ್ಯಾಪ್‌ಟಾಪ್ ಆದರೆ ಕಂಪನಿಯ ಆನ್‌ಸೈಟ್ ವಾರಂಟಿ ನಿಮ್ಮ ಪಿನ್‌ಕೋಡಿಗೆ ಇದೆಯೇ ಎಂದು ಕೊಳ್ಳುವ ಮುನ್ನವೇ ಕಂಪನಿಯ ಸಹಾಯವಾಣಿಗೆ ಕೇಳಿ. ನಿಮ್ಮ ಬಡಾವಣೆಯ ಪಿನ್‌ಕೋಡನ್ನೇ ಹೇಳಿ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆಂದರೆ ಒಪ್ಪಬೇಡಿ. ಬಿಲ್‌ನಲ್ಲಿ ಒಂದೊಂದು ಭಾಗದ ಹೆಸರೂ ಸೀರಿಯಲ್ ನಂಬರೂ ಇರಲಿ, ಯಾಕೆಂದರೆ ಅಸೆಂಬಲ್ಡ್ ಯಂತ್ರದಲ್ಲಿ ಒಂದೊಂದಕ್ಕೂ ಬೇರೆ ಬೇರೆ ವಾರಂಟಿ. ಕಂಪ್ಯೂಟರಿಗೆ ಜಿಎಸ್‌ಟಿ ಶೇ 18. ಅಂಗಡಿ ನಡೆಸುವವರು ವ್ಯಾಪಾರಕ್ಕೆಂದು ಕೊಳ್ಳುವಾಗ ತಮ್ಮ ಜಿಎಸ್‌ಟಿ ನಂಬರ್ ಬರೆಸಿದರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ವಿಂಡೋಸ್ ಲೈಸೆನ್ಸ್ ಸೇರಿದೆಯೇ, ಬೇರೆ ಕೊಳ್ಳಬೇಕೇ ಎಂಬುದನ್ನೂ ಬರೆಸಿ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿದ ಯಂತ್ರದಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತಬಾರದು. ಅವಸರವಿಲ್ಲದಿದ್ದರೆ ದಸರೆ, ದೀಪಾವಳಿ ಪಾಡ್ಯದ ಹೊತ್ತಿಗೆ ಲ್ಯಾಪ್‌ಟಾಪುಗಳಿಗೆ ರಿಯಾಯಿತಿ ಬರುತ್ತದೆ.

ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪುಗಳೂ ಸಿಗುತ್ತವೆ. ಗಟ್ಟಿ ಯಂತ್ರಗಳು, ಬಿಗಿ ಕೈಯವರಿಗೆ ಒಳ್ಳೆಯ ದಾರಿ. ಆದರೆ ಡೆಲ್ ಆಪ್ಟಿಪ್ಲೆಕ್ಸ್ 7050ರಲ್ಲಿರುವುದು 6 ಅಥವಾ 7ನೇ ತಲೆಮಾರು, 7060ರಲ್ಲಿ 8ನೆಯದು. ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಥರ ಕಾಣುತ್ತವೆ, ವಿಂಡೋಸ್ 11 ನಡೆಯುವುದು ಎರಡನೆಯದರಲ್ಲಿ. ಅಂಗಡಿಯಲ್ಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಡಿಸ್ಕ್ ಆರೋಗ್ಯ ನೋಡಿ.

ಹಳೆಯದರಿಂದ ಹೊಸದಕ್ಕೆ

ಹಳೆಯ ಯಂತ್ರ ನಡೆಯುತ್ತಿರುವಾಗಲೇ ಈ ಕೆಲಸ ಮುಗಿಸಿ. ಟ್ಯಾಲಿ ಇದ್ದವರು ಡೇಟಾ ಬ್ಯಾಕಪ್ ತೆಗೆದ ಮೇಲೆ ಹಳೆಯದರಲ್ಲಿ ಲೈಸೆನ್ಸ್ ಸರೆಂಡರ್ ಮಾಡಬೇಕು, ಆಮೇಲೆ ಹೊಸದರಲ್ಲಿ ಆ್ಯಕ್ಟಿವೇಟ್. ಈ ಕ್ರಮ ತಪ್ಪಿದರೆ ಅಡೆತಡೆ ಬರುತ್ತದೆ. ಫೋಟೊಗಳು ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೂರರಲ್ಲೂ ಚದುರಿರುತ್ತವೆ, ಮೂರನ್ನೂ ನೋಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಖಾತೆಗೆ ಸಿಂಕ್ ಆಗಿವೆಯೇ ಪರೀಕ್ಷಿಸಿ.

ಹೊಸ ಲ್ಯಾಪ್‌ಟಾಪಿನ ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ, ಡಬ್ಬಿಯ ಮೇಲಿನ ಸೀರಿಯಲ್ ನಂಬರೂ ಯಂತ್ರದ ಕೆಳಗಿನದೂ ಒಂದೇ ಇದೆಯೇ ನೋಡಿ, ಅದೇ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿದರೆ ವಾರಂಟಿ ಯಾವ ದಿನದಿಂದ ಶುರುವಾಗಿದೆ ತಿಳಿಯುತ್ತದೆ. ಎಷ್ಟೋ ತಿಂಗಳ ಹಿಂದಿನ ದಿನಾಂಕ ತೋರಿಸಿದರೆ ಬಿಲ್ ಕೊಟ್ಟು ಸರಿಪಡಿಸಿಕೊಳ್ಳಿ. ವಿಂಡೋಸ್ 11 ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ಬೀಗ ಹಾಕಿದಂತೆ ಅದನ್ನು ತಾನೇ ಎನ್‌ಕ್ರಿಪ್ಟ್ ಮಾಡಿಡುತ್ತದೆ. ಅದರ ಬಿಟ್‌ಲಾಕರ್ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಅದನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಇಡಿ. ಅಂಗಡಿಯ ಹುಡುಗ ತನ್ನದೇ ಇಮೇಲ್ ಹಾಕಿ ಯಂತ್ರ ಶುರುಮಾಡಿ ಕೊಡುವುದುಂಟು. ಹಾಗಾದರೆ ಆ ಕೀ ಅವನ ಖಾತೆಯಲ್ಲಿ ಉಳಿಯುತ್ತದೆ. ಮೊದಲ ಲಾಗಿನ್ ನಿಮ್ಮ ಇಮೇಲ್‌ನಿಂದಲೇ ಆಗಲಿ.

ಹಳೆಯ ಯಂತ್ರವನ್ನು ಎಕ್ಸ್‌ಚೇಂಜ್‌ಗೆ ಕೊಡುವುದಾದರೆ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಟುಕೊಂಡು ಕೊಡಿ. ಡಿಲೀಟ್ ಮಾಡಿದ ಆಧಾರ್ ಪ್ರತಿ, ಬ್ಯಾಂಕ್ ಕಾಗದ, ಮಕ್ಕಳ ಫೋಟೊ ಎಲ್ಲವನ್ನೂ ಅದರಿಂದ ಮತ್ತೆ ತೆಗೆಯಲು ಬರುತ್ತದೆ. ಆ ಡಿಸ್ಕ್ ಚೆನ್ನಾಗಿದ್ದರೆ ಯುಎಸ್‌ಬಿ ಕೇಸ್ ಒಂದಕ್ಕೆ ಹಾಕಿಸಿ, ತಿಂಗಳಿಗೊಮ್ಮೆ ಹೊಸ ಯಂತ್ರದ ಬ್ಯಾಕಪ್ ಅದಕ್ಕೇ ತೆಗೆಯಿರಿ.